ಅಪ್ಪನ ಪುಸ್ತಕಪಟ್ಟಿ

ನಿವೃತ್ತರಾದ ಮೇಲೆ ಅಪ್ಪ ಊರಿನ ವಾಚನಾಲಯದ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರಿಗೆ ಏರಿಸೋಕೆ ಕೂತರು. ಮನೆಯ ಹಳೇ ಕಂಪ್ಯೂಟರನ್ನೇ ಸರ್ವರ್ ಮಾಡಿ, ಪಟ್ಟಿ ಇಡೋಕೆ ಪೋಸ್ಟ್‌ಗ್ರೆಸ್, ಹುಡುಕೋಕೆ ಎಲಾಸ್ಟಿಕ್‌ಸರ್ಚ್, ಎರಡನ್ನೂ ಅದರಲ್ಲೇ ಹಾಕಿಕೊಟ್ಟಿದ್ದೆ. ಇದ್ದದ್ದು 8 ಜಿಬಿ ಮೆಮೊರಿ.

ಒಂದು ಭಾನುವಾರ ಬೆಂಗಳೂರಿಗೆ ಫೋನು. "ಬರೆದದ್ದು ಸೇವ್ ಆಗ್ತಿಲ್ಲ ಕಣೋ. ಎರಡು ವರ್ಷದ ಕೆಲಸ ಹೋಯ್ತಾ?" ಬ್ಯಾಕಪ್ ತೆಗೆದು ಮೂರು ತಿಂಗಳಾಗಿತ್ತು. ಅದನ್ನು ಅಪ್ಪನಿಗೆ ಹೇಳಲಿಲ್ಲ.

ಇಲ್ಲಿಂದಲೇ ಲಾಗಿನ್ ಆಗಿ ನೋಡಿದೆ. ಎಲಾಸ್ಟಿಕ್‌ಸರ್ಚ್ ತಾನಾಗೇ ಸುಮಾರು ಅರ್ಧ ಮೆಮೊರಿ ಹಿಡಿದುಕೊಳ್ಳತ್ತೆ. ಹಿಂದಿನ ರಾತ್ರಿ ನಾನೇ ಇಂಡೆಕ್ಸನ್ನು ಹೊಸದಾಗಿ ಕಟ್ಟೋಕೆ ಬಿಟ್ಟಿದ್ದೆ. ಮೆಮೊರಿ ಪೂರ್ತಿ ಮುಗಿದಾಗ ಲಿನಕ್ಸ್ ಯಾವುದಾದರೂ ಒಂದು ಪ್ರೋಗ್ರಾಮನ್ನು ಕೊಂದು ಜಾಗ ಮಾಡಿಕೊಳ್ಳತ್ತೆ. ಅವತ್ತು ಸತ್ತದ್ದು ಪೋಸ್ಟ್‌ಗ್ರೆಸ್. ಪುಣ್ಯಕ್ಕೆ ಅದು ಪ್ರತಿ ಬದಲಾವಣೆಯನ್ನೂ ಮೊದಲು ಲಾಗ್‌ನಲ್ಲಿ ಬರೆದಿಟ್ಟುಕೊಂಡಿರತ್ತೆ. ಮತ್ತೆ ಶುರು ಮಾಡಿದಾಗ ಪಟ್ಟಿ ಪೂರ್ತಿ ಇತ್ತು.

"ಗ್ರೈಂಡರ್ರು, ಇಸ್ತ್ರಿಪೆಟ್ಟಿಗೆ ಎರಡೂ ಒಂದೇ ಪ್ಲಗ್ಗಿಗೆ ಹಾಕ್ತಾರೇನೋ?" ಅಂದರು ಅಮ್ಮ. ಎಂಜಿನಿಯರಿಂಗ್ ಓದಿದ್ದು ನಾನು!

ಈಗ ಹುಡುಕಾಟ ನನ್ನ ಹಳೇ ಲ್ಯಾಪ್‌ಟಾಪಿನಲ್ಲಿದೆ. ಅದು ಕೆಟ್ಟರೆ ಪಟ್ಟಿಯಿಂದ ಇಂಡೆಕ್ಸ್ ಮತ್ತೆ ಕಟ್ಟಬಹುದು. ಪಟ್ಟಿಯೇ ಹೋದರೆ ಅಪ್ಪನೇ ಮತ್ತೆ ಕೂರಬೇಕು. ಬ್ಯಾಕಪ್ಪೂ ದಿನಾ ರಾತ್ರಿ ತಾನಾಗೇ ಆಗತ್ತೆ. ಅಪ್ಪ ಮಾತ್ರ ಅವತ್ತಿನಿಂದ ಎಲ್ಲವನ್ನೂ ಒಂದು ಉದ್ದ ನೋಟ್‌ಬುಕ್ಕಿನಲ್ಲೂ ಬರೆದಿಡ್ತಿದಾರೆ. ಬೇಡ ಅಂತ ನಾನೂ ಹೇಳಿಲ್ಲ.