ಎಣಿಸಿದವರ ಬೆನ್ನು ಹತ್ತಿ

ಇಂಗ್ಲೆಂಡಿನಲ್ಲಿ ಹುಟ್ಟಿದವರಿಗೆ ಒಂದು ಭಾಗ್ಯವಿದೆ. ಮುತ್ತಜ್ಜ ಹೇಗೆ ಬದುಕಿದ್ದನೆಂದು ತಿಳಿಯಬೇಕೆನಿಸಿದರೆ 1921ರ ಜನಗಣತಿಯ ಹಾಳೆಯನ್ನೇ ತೆರೆದು ನೋಡಬಹುದು. ನೂರು ವರ್ಷ ಬೀಗ ಹಾಕಿಟ್ಟಿದ್ದ ಆ ಹಾಳೆಗಳು 2022ರ ಜನವರಿಯಲ್ಲಿ ಹೊರಬಂದವು. ಅಮೆರಿಕದವರು 72 ವರ್ಷ ಕಾದರೆ ಸಾಕು. 1950ರ ಹಾಳೆಗಳು ಅದೇ 2022ರ ಏಪ್ರಿಲ್‌ನಲ್ಲಿ ಎಲ್ಲರಿಗೂ ಸಿಕ್ಕವು. ಮನೆಯೊಡೆಯ, ಹೆಂಡತಿ, ಮಕ್ಕಳು, ವಯಸ್ಸು, ಕಸುಬು, ಎಲ್ಲವೂ ಹೆಸರು ಸಮೇತ ಸಾಲಾಗಿ. ಮಾರತ್ತಹಳ್ಳಿಯಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದವನಾದ ನನಗೆ ಅಂಥ ಹಾಳೆ ಎಲ್ಲೂ ಇಲ್ಲ. ಮೈಸೂರು ಸೀಮೆಯಲ್ಲಿ ಮನೆಮನೆಯ ಹೆಸರು ಬರೆದುಕೊಂಡ ಕಾಗದಗಳನ್ನು ಲೆಕ್ಕ ಮುಗಿದ ಮೇಲೆ ಉಳಿಸಿಕೊಳ್ಳುತ್ತಿರಲಿಲ್ಲ. ಸ್ವಾತಂತ್ರ್ಯ ಬಂದ ಮೇಲೆ 1948ರ ಜನಗಣತಿ ಕಾಯಿದೆ ಬಂತು. ಅದರ 15ನೇ ಕಲಮಿನ ಪ್ರಕಾರ ಗಣತಿಯವರು ಬರೆದುಕೊಂಡದ್ದನ್ನು ನೋಡುವ ಹಕ್ಕು ಯಾರಿಗೂ ಇಲ್ಲ.

ಆದರೂ ನಮ್ಮ ಮನೆಯವರು ಆ ಎಣಿಕೆಯ ಒಳಗೇ ಇದ್ದಾರಲ್ಲ! ಅವರನ್ನು ಅಲ್ಲಿಂದ ಹೇಗಾದರೂ ಮಾಡಿ ಹೊರಗೆ ಕರೆಯಬೇಕೆಂಬ ಆಸೆಯಿಂದ ಮಾರತ್ತಹಳ್ಳಿ ಬ್ರಿಡ್ಜ್ ಬಳಿ ಬಸ್ ಹತ್ತಿದೆ. ಹಳೇ ವಿಮಾನ ನಿಲ್ದಾಣ ರಸ್ತೆಯಲ್ಲಿ ಬೆಳಗಿನ ಹೊತ್ತು ಬಸ್ಸು ಚಲಿಸುವುದಕ್ಕಿಂತ ನಿಲ್ಲುವುದೇ ಹೆಚ್ಚು. ಓದುವವನಿಗೆ ಅದೂ ಅನುಕೂಲವೇ. ಜನಗಣತಿ ಇಲಾಖೆ ತನ್ನ ಹಳೆಯ ವರದಿಗಳನ್ನೆಲ್ಲ ಸ್ಕ್ಯಾನ್ ಮಾಡಿ ಹಾಕಿದೆ. 1931ರ ಮೈಸೂರು ಸಂಸ್ಥಾನದ ಸಂಪುಟವನ್ನು ಮೊಬೈಲಿನಲ್ಲಿ ತೆರೆದೆ. ಬರೆದವರ ಹೆಸರು ಎಂ. ವೆಂಕಟೇಶ ಅಯ್ಯಂಗಾರ್.

ಆ ಹೆಸರನ್ನು ಒಮ್ಮೆ ಓದಿ, ಮತ್ತೆ ಓದಿದೆ. ಮಾಸ್ತಿ! ಮೈಸೂರು ಸಿವಿಲ್ ಸರ್ವಿಸಿನ ಅಧಿಕಾರಿಯಾಗಿದ್ದ ನಮ್ಮ ಮಾಸ್ತಿಯವರೇ ಆ ವರ್ಷದ ಗಣತಿಯನ್ನು ನಡೆಸಿದವರು. ಸಣ್ಣಕಥೆಗಳ ಮೂಲಕ ಹಳ್ಳಿಯ ಜನರನ್ನು ಒಬ್ಬೊಬ್ಬರಾಗಿ ಮಾತನಾಡಿಸಿದವರು, ಅದೇ ಜನರನ್ನು 65,57,302 ಎಂದು ಕೂಡಿಸಿ ಇಟ್ಟಿದ್ದಾರೆ. ನಮ್ಮಜ್ಜ ಆಗ ಅಂಬೆಗಾಲಿಡುವ ಮಗು. ಆ ಮೊತ್ತದ ಕೊನೆಯ ಎರಡರಲ್ಲಿ ಒಂದು ಅವನೇ ಇರಬಹುದೆಂದು ಅನಿಸಿದಾಗ, ಸುತ್ತ ಹಾರ್ನ್‌ಗಳ ಗಲಾಟೆಯ ನಡುವೆ, ಮೈ ಜುಮ್ಮೆಂದಿತು.

ಆ ಕಾಲದ ಗಣತಿ ನಡೆಯುತ್ತಿದ್ದ ರೀತಿಯೇ ಒಂದು ಬೆರಗು. ಮೊದಲೇ ಮನೆಗಳಿಗೆ ನಂಬರ್ ಬರೆದು, ಇರುವವರ ಪಟ್ಟಿ ಮಾಡಿಕೊಂಡು, ಆಮೇಲೆ ದೇಶದಾದ್ಯಂತ ಒಂದೇ ರಾತ್ರಿ ಮನೆಮನೆಗೆ ಹೋಗಿ ಆ ಪಟ್ಟಿಯನ್ನು ತಾಳೆ ನೋಡುತ್ತಿದ್ದರು. 1931ರಲ್ಲಿ ಆ ರಾತ್ರಿ ಫೆಬ್ರುವರಿ 26. ಪಟ್ಟಿ ಮಾಡಿದ ಮೇಲೆ ಹುಟ್ಟಿದ ಮಗುವನ್ನು ಸೇರಿಸಬೇಕು, ತೀರಿಕೊಂಡವರ ಹೆಸರು ಹೊಡೆಯಬೇಕು, ಬಂದ ನೆಂಟರನ್ನು ಬಿಡಬಾರದು. ಆಮೇಲೆ ಒಬ್ಬೊಬ್ಬರ ವಿವರವನ್ನೂ ಒಂದೊಂದು ಚೀಟಿಗೆ ಇಳಿಸುತ್ತಿದ್ದರು. ಬವೇರಿಯಾದಲ್ಲಿ ಹುಟ್ಟಿದ ಈ ಚೀಟಿ ಪದ್ಧತಿ ಭಾರತಕ್ಕೆ ಬಂದದ್ದು 1901ರ ಗಣತಿಗೆ. ಚೀಟಿಯ ಬಣ್ಣ ನೋಡಿದರೆ ಧರ್ಮ ತಿಳಿಯುತ್ತಿತ್ತು. ಗಂಡೋ ಹೆಣ್ಣೋ, ಮದುವೆಯಾಗಿದೆಯೋ ಇಲ್ಲವೋ ಎಂಬುದಕ್ಕೆ ಅದರ ಮೇಲೆ ಗುರುತು. ಗುಮಾಸ್ತರು ಆ ಚೀಟಿಗಳನ್ನು ಗೂಡುಗಳಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ವಿಂಗಡಿಸಿ ಎಣಿಸುತ್ತಿದ್ದರು. ಅಂದರೆ ನಮ್ಮಜ್ಜನದೂ ಅಂಗೈಯಗಲದ ಒಂದು ಚೀಟಿ ಇತ್ತು. ಯಾರೋ ಒಬ್ಬರ ಬೆರಳು ಅದನ್ನು ಹಿಡಿದಿತ್ತು.

ಹಿಂದಿನ ಸಂಪುಟಗಳಿಗೆ ಹೋದೆ. ನಮ್ಮ ಮನೆಯಲ್ಲಿ ಒಂದು ಮಾತಿದೆ: ಮುತ್ತಜ್ಜನ ತಂದೆ ಬರದಲ್ಲಿ ಬದುಕುಳಿದ ಹುಡುಗ, ಪೂರ್ವದ ಕಡೆಯಿಂದ ನಡೆದುಕೊಂಡು ಬಂದು ಈ ಊರು ಸೇರಿದವನು, ನಮ್ಮ ವಂಶ ಶುರುವಾಗುವುದೇ ಅವನಿಂದ. ಯಾವ ಬರ ಎಂದು ಕೇಳಿದರೆ ಅಜ್ಜಿ ಧಾತು ಈಶ್ವರದ ಬರ ಎನ್ನುತ್ತಿದ್ದಳು. ಧಾತು, ಈಶ್ವರ ಸಂವತ್ಸರಗಳೆಂದರೆ 1876ರಿಂದ 1878. ಸಂಸ್ಥಾನದಲ್ಲಿ ಬರಕ್ಕೆ ಮುಂಚೆ, 1871ರಲ್ಲಿ, ಎಣಿಸಿದಾಗ ಇದ್ದವರು 50,55,412. ಬರ ಕಳೆದ ಮೇಲೆ, 1881ರ ಫೆಬ್ರುವರಿ 17ರಂದು, ಸಿಕ್ಕವರು 41,86,188. ಎಂಟೂವರೆ ಲಕ್ಷಕ್ಕೂ ಹೆಚ್ಚು ಜನ ಇಲ್ಲ. ಐದಾರು ಮಂದಿಗೆ ಒಬ್ಬರಂತೆ ಇಲ್ಲ. ಹತ್ತು ವರ್ಷದಲ್ಲಿ ಹುಟ್ಟಿದ ಮಕ್ಕಳನ್ನೆಲ್ಲ ಸೇರಿಸಿಯೂ ಅಷ್ಟು ಕಡಿಮೆ! 1891ಕ್ಕೆ ಬಂದರೂ 49,43,604. ಇಪ್ಪತ್ತು ವರ್ಷವಾದರೂ ನಾಡು ತನ್ನ ಹಳೆಯ ಎಣಿಕೆಗೆ ಮರಳಿರಲಿಲ್ಲ. 1881ರ ಆ ಗಣತಿ ಮುಗಿದು ಒಂದು ತಿಂಗಳಾದ ಮೇಲೆ, ಮಾರ್ಚ್ 25ರಂದು, ಬ್ರಿಟಿಷರು ರಾಜ್ಯವನ್ನು ಚಾಮರಾಜ ಒಡೆಯರಿಗೆ ಮರಳಿಸಿದರು. ಇತಿಹಾಸದ ಪುಸ್ತಕಗಳಲ್ಲಿ ಆ ದಿನಕ್ಕೆ ದೊಡ್ಡ ಜಾಗವಿದೆ. ನನಗೆ ದೊಡ್ಡದಾಗಿ ಕಂಡದ್ದು ಅದರ ಹಿಂದಿನ ತಿಂಗಳ ರಾತ್ರಿ. ನಲವತ್ತೊಂದು ಲಕ್ಷ ಚಿಲ್ಲರೆ ಮಂದಿಯಲ್ಲಿ ಒಬ್ಬ ಹುಡುಗ ಯಾರದೋ ಜಗುಲಿಯ ಮೇಲೆ ಮಲಗಿದ್ದ, ಅವನನ್ನು ಎಣಿಸಿದರು.

ಕಬ್ಬನ್ ಪಾರ್ಕಿನಲ್ಲಿ ಇಳಿದೆ. ಮರಗಳ ನಡುವೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ಒಳಗೆ ರಾಜ್ಯ ಕೇಂದ್ರ ಗ್ರಂಥಾಲಯ. ನಾನು ಹೋದದ್ದು ಹಳೆಯ ಪತ್ರಿಕೆಗಳನ್ನು ನೋಡಲು. ಕನ್ನಡದ ಪತ್ರಿಕೆಗಳ ವಂಶವೂ ಉದ್ದವಾದದ್ದೇ. 1843ರ ಜುಲೈನಲ್ಲಿ ಮೋಗ್ಲಿಂಗ್ ಹೊರತಂದ 'ಮಂಗಳೂರ ಸಮಾಚಾರ', 1859ರಲ್ಲಿ ಭಾಷ್ಯಂ ಭಾಷ್ಯಾಚಾರ್ಯರ 'ಮೈಸೂರು ವೃತ್ತಾಂತ ಬೋಧಿನಿ', ಆಮೇಲೆ ವೆಂಕಟಕೃಷ್ಣಯ್ಯನವರ ಪತ್ರಿಕೆಗಳು, 'ತಾಯಿನಾಡು', 1948ರ ಅಕ್ಟೋಬರ್‌ನಲ್ಲಿ 'ಪ್ರಜಾವಾಣಿ'. ಇವುಗಳಲ್ಲಿ ಮಾರತ್ತಹಳ್ಳಿಯ ರೈತನ ಹೆಸರು ಬರುವುದು ಕಷ್ಟ. ಹಳೆಯ ಪತ್ರಿಕೆಯಲ್ಲಿ ಹೆಸರು ಹುಡುಕಬಾರದು, ದಿನ ಹುಡುಕಬೇಕು. ಮನೆಯ ನೆನಪುಗಳಿಗೆ ತಾರೀಖು ಇರುವುದಿಲ್ಲ, ಪತ್ರಿಕೆಯ ತುಂಬ ಇರುವುದೇ ತಾರೀಖು.

ನಮ್ಮಪ್ಪನ ವಿಷಯವನ್ನೇ ಹೇಳುತ್ತೇನೆ. ಸ್ಕೂಲು ಸರ್ಟಿಫಿಕೇಟಿನಲ್ಲಿ ಅವನು ಹುಟ್ಟಿದ್ದು ಜೂನ್ 1. ಆ ಕಾಲದ ಹಳ್ಳಿ ಮಕ್ಕಳಲ್ಲಿ ಎಷ್ಟೋ ಜನರಿಗೆ ಮೇಷ್ಟರು ಬರೆದುಕೊಟ್ಟ ಹುಟ್ಟುಹಬ್ಬ ಅದೇ. ಅಜ್ಜಿಯ ಲೆಕ್ಕ ಬೇರೆ: "ಡೆಲ್ಲಿಯಿಂದ ಮಂತ್ರಿ ಬಂದು ಇಮಾನ ನೋಡಿದ್ರಲ್ಲ, ಆ ಸದ್ದಿಗೆ ತೊಟ್ಲಾಗಿದ್ದ ಮಗ ಬೆಚ್ಚಿಬಿದ್ದು ಅತ್ತಿದ್ದು. ತೊಟ್ಲಿಗೆ ಹಾಕಿ ಮೂರು ದಿನ ಆಗಿತ್ತಷ್ಟೆ." ಎಚ್‌ಎಎಲ್ ನಮ್ಮ ಹೊಲಗಳ ಪಕ್ಕಕ್ಕೆ ಬಂದದ್ದು 1940ರಲ್ಲಿ. ಅಂದಿನಿಂದ ಅಲ್ಲಿ ವಿಮಾನದ ಸದ್ದು ನಿಂತದ್ದೇ ಇಲ್ಲ, ಹಾಗಾಗಿ ಸದ್ದು ಎಂದರೆ ಏನೂ ತಿಳಿಯುವುದಿಲ್ಲ. ಮಂತ್ರಿ ಬಂದದ್ದು ಎಂದರೆ ತಿಳಿಯುತ್ತದೆ. ಜರ್ಮನಿಯ ಕುರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ ಮಾರುತ್ ಯುದ್ಧವಿಮಾನವನ್ನು ಸುರಂಜನ್ ದಾಸ್ ಮೊದಲ ಬಾರಿ ಹಾರಿಸಿದ್ದು 1961ರ ಜೂನ್ 17ರಂದು. ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಎದುರಿಗೆ ಅದು ಹಾರಿದ್ದು ಜೂನ್ 24ರಂದು. ಆ ತಿಂಗಳ ಪತ್ರಿಕೆಗಳ ಕಟ್ಟು ಬಿಡಿಸಿ, ಅಂಚು ಮುರಿಯದಂತೆ ಹಾಳೆ ತಿರುವಿ, ಆ ಸುದ್ದಿಯ ಮೇಲೆ ಬೆರಳಿಟ್ಟು ಕೂತೆ. ಹನ್ನೊಂದಕ್ಕೆ ನಾಮಕರಣ, ಅದೇ ದಿನ ತೊಟ್ಟಿಲು, ಆದ ಮೇಲೆ ಮೂರು ದಿನ. ಎಣಿಸಿದರೆ ಜೂನ್ 11ರ ಆಸುಪಾಸು. ಅರವತ್ತು ದಾಟಿದ ಅಪ್ಪನಿಗೆ ಫೋನ್ ಮಾಡಿ ಅವನು ಹುಟ್ಟಿದ ವಾರವನ್ನು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿರಲಿಲ್ಲ. ಆಮೇಲೆ "ಅವ್ವ ಹೇಳಿದ್ದು ಸರಿಯಾಗೇ ಇತ್ತಲ್ಲ" ಎಂದ.

ಅಲ್ಲಿಂದ ವಿಧಾನಸೌಧ ನಡೆದುಹೋಗುವಷ್ಟೇ ದೂರ. ಅದರ ನೆಲಮಹಡಿಯಲ್ಲಿ ರಾಜ್ಯ ಪತ್ರಾಗಾರ ಇದೆ ಎಂಬುದು ಹೊರಗೆ ನಿಂತು ಫೋಟೋ ತೆಗೆಸಿಕೊಳ್ಳುವವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಿಕ್ಕಿಲ್ಲ. ಕಡತಗಳ ಸೂಚಿ ನೋಡುತ್ತಾ ಹೋದರೆ ಸರ್ಕಾರವೊಂದು ಏನನ್ನೆಲ್ಲ ಚಿಂತಿಸಿತ್ತೆಂಬುದು ಕಾಣುತ್ತದೆ. ನಮ್ಮ ಮನೆಯವರು ಏನು ಚಿಂತಿಸಿದ್ದರೆಂಬುದು ಅಲ್ಲಿಲ್ಲ. ಹೆಸರು ಬೇಕಿದ್ದರೆ ತಾಲ್ಲೂಕು ಕಚೇರಿಗೆ ಹೋಗಬೇಕು. ಮಣ್ಣು ಇದ್ದವನ ಹೆಸರನ್ನು ಸರ್ಕಾರ ಕೈಬಿಡುವುದಿಲ್ಲ, ಕಂದಾಯ ಬರಬೇಕಲ್ಲ.

ಮಾರತ್ತಹಳ್ಳಿ ವರ್ತೂರು ಹೋಬಳಿಗೆ ಸೇರಿದ ಊರು, ತಾಲ್ಲೂಕು ಕಚೇರಿ ಈಗ ಕೆ.ಆರ್. ಪುರದಲ್ಲಿದೆ. ರೆಕಾರ್ಡ್ ರೂಮಿನಲ್ಲಿ ಬಟ್ಟೆಯಲ್ಲಿ ಕಟ್ಟಿದ ಗಂಟುಗಳು ಸೂರಿನವರೆಗೆ. "ಸರ್ವೆ ನಂಬರ್ ಹೇಳಿ ಸಾರ್" ಎಂದರು ಅಲ್ಲಿದ್ದವರು. ನಮ್ಮ ಕಡೆ ಸರ್ವೆ ನಂಬರ್ ಗೊತ್ತಿಲ್ಲದವರು ಯಾರೂ ಇಲ್ಲ. ಈ ಇಪ್ಪತ್ತೈದು ವರ್ಷದಲ್ಲಿ ಹೊಲವೆಲ್ಲ ಟೆಕ್ ಪಾರ್ಕ್ ಆಗುವಾಗ ಐಎಲ್‌ಆರ್‌ಆರ್, ಮ್ಯುಟೇಶನ್, ಪಹಣಿ ಎಂಬ ಮಾತುಗಳು ಊರಿನ ಮಕ್ಕಳ ಬಾಯಲ್ಲೂ ಬಂದಿವೆ. ವಕೀಲರು ಅವನ್ನು ಓದುವುದು ಜಮೀನು ಯಾರಿಂದ ಯಾರಿಗೆ ಬಂತೆಂದು ತಿಳಿಯುವುದಕ್ಕೆ. ಅದೇ ಕಾಗದವನ್ನು ಮಗನಾಗಿ ಓದಬಹುದೆಂಬುದು ನನಗೆ ಆವತ್ತು ತಿಳಿಯಿತು.

ಶಾನುಭೋಗರ ಬರಹ, ಅಕ್ಷರ ಅಕ್ಷರಕ್ಕೆ ಕೂಡಿಕೊಂಡು ಹರಿದಿದೆ. ತಲೆತಲಾಂತರದಿಂದ ಬಂದ ಶಾನುಭೋಗಿಕೆಯನ್ನು 1961ರ ಕಾಯಿದೆ ತೆಗೆದುಹಾಕಿತು. ಅದಕ್ಕೂ ಹಿಂದಿನ ಕಾಲದಲ್ಲಿ ಅವರ ಲೆಕ್ಕಗಳು ಇರುತ್ತಿದ್ದದ್ದು ಕಡತದಲ್ಲಿ: ಹುಣಸೆಬೀಜದ ಅಂಟು, ಇದ್ದಿಲು ಬಳಿದು ಕಪ್ಪಾಗಿಸಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ ಬಳಪದಲ್ಲಿ ಬರೆದದ್ದು. ನನ್ನ ಮುಂದಿದ್ದದ್ದು ಕಾಗದ. ಅದರಲ್ಲಿ ಮುತ್ತಜ್ಜನ ಹೆಸರು. ಅದರ ಮುಂದೆ 'ಬಿನ್'. ಅದರ ಮುಂದೆ, ಆ ಹುಡುಗನ ಹೆಸರು.

ಬರದಿಂದ ಬಂದ ಹುಡುಗ. ಅಜ್ಜಿಯ ಬಾಯಲ್ಲಿ ಬಿಟ್ಟರೆ ಇನ್ನೆಲ್ಲೂ ಇಲ್ಲದವನು ಎಂದುಕೊಂಡಿದ್ದೆ. ಸರ್ಕಾರದ ಲೆಕ್ಕದಲ್ಲಿ, ತಂದೆಯ ಜಾಗದಲ್ಲಿ, ನೆಟ್ಟಗೆ ಕೂತಿದ್ದಾನೆ! ಒಂದೇ ಸಾಲಿನಲ್ಲಿ ಎರಡು ತಲೆಮಾರು. ಕೆಳಗಿನ ಇನ್ನೊಂದು ನಮೂದಿನಲ್ಲಿ 'ಕೋಂ', ಅಂದರೆ ಇಂಥವನ ಹೆಂಡತಿ, ಎಂದು ಬರೆದು ಮುತ್ತಜ್ಜಿ. ಗಂಡ ತೀರಿಕೊಂಡ ಮೇಲೆ ಖಾತೆ ಅವಳಿಗೆ ಬಂದಾಗ, ಆ ಒಂದು ಸಲ ಮಾತ್ರ, ಅವಳ ಹೆಸರು ಕಾಗದದ ಮೇಲೆ ಬಿದ್ದಿದೆ. ಆ ಹುಡುಗನ ಹೆಂಡತಿಯ ಹೆಸರು ಎಲ್ಲಿಯೂ ಇಲ್ಲ. ಗಣತಿಯ ಹೆಂಗಸರ ಕಾಲಮ್ಮಿನಲ್ಲಿ ಒಂದು ಅಂಕಿಯಾಗಿ ಇದ್ದಾಳೆ, ಅಷ್ಟೆ. ಅದು ನನಗೆ ಬಹಳ ನೋವು ಕೊಟ್ಟಿತು, ಈಗಲೂ ಕೊಡುತ್ತದೆ.

ಹೀಗೆ ನೋಡುತ್ತಾ ಹೋದರೆ ನಮ್ಮಂಥ ಮನೆತನದ ಕಥೆಯನ್ನು ಯಾರೂ ಕೂತು ಬರೆದಿಲ್ಲ. ಕಂದಾಯಕ್ಕೆಂದು ಒಬ್ಬ ಹೆಸರು ಬರೆದ, ಎಣಿಕೆಗೆಂದು ಇನ್ನೊಬ್ಬ ಚೀಟಿ ಬರೆದ, ಮಂತ್ರಿ ಬಂದರೆಂದು ಮತ್ತೊಬ್ಬ ಸುದ್ದಿ ಬರೆದ. ಒಬ್ಬರಿಗೊಬ್ಬರು ಗೊತ್ತಿಲ್ಲದ ಈ ಕೈಗಳೆಲ್ಲ ಸೇರಿ ನಮ್ಮನ್ನು ಉಳಿಸಿಕೊಟ್ಟಿವೆ. ಅವರಿಗೆಲ್ಲ ಕೈಮುಗಿಯಬೇಕೆನಿಸುತ್ತದೆ.

ಇನ್ನೂ ಹಳೆಯ ಕೈಯೊಂದನ್ನು ನೋಡಬೇಕೆಂದರೆ ನಮ್ಮೂರಿನಿಂದ ದೂರ ಹೋಗಬೇಕಿಲ್ಲ. ಎಚ್‌ಎಎಲ್ ಮಗ್ಗುಲಿನ ವಿಭೂತಿಪುರದಲ್ಲಿ 1307ರ ಒಂದು ತಮಿಳು ಶಾಸನವಿದೆ. ಹೊಯ್ಸಳ ಮೂರನೇ ಬಲ್ಲಾಳನ ಕಾಲದ್ದು. ಕಾಡು ಕಡಿದು, ನೆಲ ಸಮ ಮಾಡಿ, ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ರೈಸ್ ಸಾಹೇಬರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಕೂಡಿಸಿ 1905ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ತಂದರು. ಈಗ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿಯವರು ಊರೂರು ಸುತ್ತಿ ಇಂಥ ಕಲ್ಲುಗಳನ್ನು 3ಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಏಳುನೂರು ವರ್ಷ ಹಿಂದೆ ಕಟ್ಟಿದ ಕೆರೆಯ ಪಕ್ಕದ ನೆಲಕ್ಕೇ ನಮ್ಮ ಹುಡುಗ ಹಸಿದು ಬಂದು ಸೇರಿದ್ದು.

ಆದರೆ ಆ ಹುಡುಗನ ತಂದೆ ಯಾರು? 'ಬಿನ್' ಅವನಲ್ಲಿಗೆ ನಿಲ್ಲುತ್ತದೆ. ಊರೊಳಗಿನ ಹಳೇ ಬೀದಿಯಲ್ಲಿರುವ ದೊಡ್ಡಪ್ಪನ ಮುಂದೆ ಜೆರಾಕ್ಸ್ ಇಟ್ಟೆ. ಎಂಬತ್ತು ದಾಟಿದವರು. ಕನ್ನಡಕ ಏರಿಸಿ ಓದಿ, ನನಗೆ ಗೊತ್ತೇ ಇರದಿದ್ದ ಮಾತೊಂದನ್ನು ತೀರಾ ಸಹಜವಾಗಿ ಹೇಳಿದರು.

"ಇದುನ್ನ ಹೆಳವ್ರು ಹೇಳೋರಲ್ಲ ಕಣಪ್ಪ. ನಾನು ಹುಡುಗ ಆಗಿದ್ದಾಗ ಸುಗ್ಗಿ ಮುಗುದ್ ಮ್ಯಾಲೆ ಬರೋರು, ಬಸವನ ಮೇಲೆ ಕುಂತ್ಕಂಡು, ಗಂಟೆ ಬಾರಿಸ್ಕಂಡು. ಗಂಟೆ ಕೇಳ್ತಿದ್ದಂಗೆ ನಮ್ಮವ್ವ ಮೊರದಾಗೆ ರಾಗಿ ತುಂಬ್ಕಂಡು ಬಾಗಿಲಿಗೆ ಬರೋಳು. ಅವರು ಶುರು ಮಾಡುದ್ರೆ ನಮ್ ತಾತನ್ ತಾತನ್ ತಾತನ್ ಗಂಟ ಹೇಳೋರು."

ಹೆಳವರು ಕರ್ನಾಟಕದಲ್ಲಿ ತಲೆತಲಾಂತರದಿಂದ ಮನೆತನಗಳ ವಂಶಾವಳಿ ಹೇಳುವ, ಬರೆದಿಡುವ ಜನ. ಒಂದೊಂದು ಹೆಳವ ಮನೆಗೆ ಇಂತಿಂಥ ಒಕ್ಕಲು ಎಂದು ಹಂಚಿಕೆ. ಹುಟ್ಟು, ಮದುವೆ, ಸಾವು, ಊರು ಬಿಟ್ಟು ಊರಿಗೆ ಹೋದದ್ದು, ಎಲ್ಲವನ್ನೂ ಸೇರಿಸಿಕೊಳ್ಳುತ್ತಾ ಬರುತ್ತಾರೆ. ಅವರ ಹಳೆಯ ಪುಸ್ತಕಗಳು ಈಗಲೂ ಹಲವು ಮನೆಗಳಲ್ಲಿವೆ.

"ಆ ಹುಡುಗ ಊರು ಬಿಟ್ಟು ಬಂದೋನು. ಅವನ ವಿಷಯ ಇಲ್ಲಿಯ ಹೆಳವರಿಗೆ ಹೇಗೆ ಗೊತ್ತು ದೊಡ್ಡಪ್ಪ?" ಎಂದೆ.

"ಇಲ್ಲಿಯೋರಲ್ಲ. ಆ ಕಡೆಯೋರೇ, ಹುಡುಕ್ಕಂಡು ಬಂದಿದ್ದು. ನಮ್ಮೊಕ್ಕಲು ಒಂದು ಬರದಾಗೆ ತಪ್ಪೋಯ್ತು ಅಂತ ಊರೂರು ಕೇಳ್ಕಂಡು ಬಂದ್ರಂತೆ, ನಮ್ ತಾತ ಹೇಳ್ತಿದ್ದ."

ಸರ್ಕಾರದ ಎಣಿಕೆಯಲ್ಲಿ ಎಂಟೂವರೆ ಲಕ್ಷ ಜನ ಕಾಣೆಯಾದ ಕಾಲದಲ್ಲಿ, ತಪ್ಪಿಹೋದ ಒಬ್ಬ ಹುಡುಗನನ್ನು ಹುಡುಕಿಕೊಂಡು ಬಸವನ ಮೇಲೆ ಬಂದವರಿದ್ದರು! ಅವರ ಊರಿನ ಹೆಸರು ದೊಡ್ಡಪ್ಪನಿಗೆ ಸರಿಯಾಗಿ ನೆನಪಾಗಲಿಲ್ಲ, ಕೋಲಾರದ ಆಚೆ, ಮುಳಬಾಗಿಲ ದಿಕ್ಕು ಎಂದರು. ಅವರು ಮನೆಯಲ್ಲಿ ಸಿಗುವುದು ಮಳೆಗಾಲದಲ್ಲಿ, ಸುಗ್ಗಿಯಾದರೆ ತಿರುಗಾಟಕ್ಕೆ ಹೊರಟುಬಿಡುತ್ತಾರೆ, ಹೋಗುವುದಿದ್ದರೆ ಆಷಾಢದೊಳಗೆ ಹೋಗು ಎಂದೂ ಹೇಳಿದರು. ಜೆರಾಕ್ಸಿನ ಹಿಂದೆ ನೆನಪಾದ ಎರಡು ಊರುಗಳ ಹೆಸರನ್ನು ಅವರ ಕೈಯಲ್ಲೇ ಬರೆಸಿಕೊಂಡಿದ್ದೇನೆ. ಮುಳಬಾಗಿಲಿಗೆ ಮೆಜೆಸ್ಟಿಕ್‌ವರೆಗೆ ಹೋಗಬೇಕಿಲ್ಲವಂತೆ, ಕೆ.ಆರ್. ಪುರದಲ್ಲೇ ಬಸ್ ಸಿಗುತ್ತದೆ. ಅಪ್ಪನೂ ಬರುತ್ತಾನಂತೆ.