ಲೂಪಸ್ ಇರೋ ಹೆಣ್ಮಗಳನ್ನ "ನಿನಗೇನು ಬೇಕು?" ಅಂತ ಯಾರು ಕೇಳ್ತಾರೆ?

ಪ್ರತಿ ವರ್ಷ ಮೇ 10 ವಿಶ್ವ ಲೂಪಸ್ ದಿನ. ಅವತ್ತು ಬೆಂಗಳೂರಲ್ಲಿ ನೇರಳೆ ಬಣ್ಣದ ರಿಬ್ಬನ್ ಕಟ್ಕೊಂಡು ಫೋಟೊ ಹಾಕ್ತಾರೆ. ಹಾಕಲಿ, ಒಳ್ಳೇದೇ. ಆದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕೇರಿಗಳಲ್ಲಿ ಈ ಕಾಯಿಲೆ ಹೊತ್ಕೊಂಡೇ ಕೂಲಿಗೆ ಹೋಗ್ತಿರೋ ಹೆಣ್ಮಕ್ಕಳ ಬಗ್ಗೆ ಯಾರೂ ಬರೆಯಲ್ಲ. ಅದಕ್ಕೇ ನಾನು ಬರೀತಿದೀನಿ. ಉದ್ದ ಇದೆ, ಪೂರ್ತಿ ಓದಿ. ಇದು ಗರ್ಭದ ವಿಷಯ. ಗರ್ಭದ ವಿಷಯ ಬಂದ ಕೂಡಲೇ ನಮ್ಮ ಸಂಘಟನೆಯ ಗಂಡಸರು ಸಭೆಯಿಂದ ಎದ್ದು ಟೀ ಕುಡಿಯೋಕೆ ಹೋಗ್ತಾರೆ. ಇವತ್ತು ದಯವಿಟ್ಟು ಕೂತ್ಕೊಳ್ಳಿ.

ಲೂಪಸ್ ಅಂದ್ರೆ ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ತಿರುಗಿ ಬಿದ್ದು ಮೈಯನ್ನೇ ತಿನ್ನೋ ಕಾಯಿಲೆ. ಕೀಲು, ಚರ್ಮ, ರಕ್ತ, ಕಿಡ್ನಿ, ಯಾವುದನ್ನೂ ಬಿಡಲ್ಲ. ಅಂಟುರೋಗ ಅಲ್ಲ. ಇದು ಬಂದ 10 ಜನರಲ್ಲಿ 9 ಜನ ಹೆಂಗಸರು, ಅದರಲ್ಲೂ ಬಹುಪಾಲು ಹೆರುವ ವಯಸ್ಸಿನವರು. ಬಿಸಿಲು ತಾಕಿದರೆ ಕೆರಳುತ್ತೆ. "ಬಿಸಿಲಿಗೆ ಹೋಗಬೇಡಿ" ಅಂತಾರೆ ಡಾಕ್ಟ್ರು. ಪಾವಗಡದ ತಿರುಮಣಿ ಕಡೆ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕು ಬಂದಿದ್ದೇ ಅಲ್ಲಿ ಬಿಸಿಲು ಹೇರಳ ಅಂತ. ಆ ಬಿಸಿಲಲ್ಲಿ ಕಡ್ಲೆಕಾಯಿ ಕೀಳೋ ಹೆಂಗಸು ಯಾವ ನೆರಳಿಗೆ ಹೋಗ್ಬೇಕು?

ನನಗೆ ಗೊತ್ತಾದಾಗ ವಯಸ್ಸು 26, ಮಗಳಿಗೆ ಎರಡು ವರ್ಷ. ಅದಕ್ಕೂ ಮುಂಚೆ ಒಂದು ವರ್ಷ ಸುತ್ತಿದ್ದೀನಿ. ಒಬ್ಬರು ರಕ್ತ ಕಮ್ಮಿ ಅಂದ್ರು, ಒಬ್ಬರು ವಾತ ಅಂದ್ರು, ಊರಲ್ಲಿ ದೃಷ್ಟಿ ತೆಗೆಸಿದ್ರು. ಕೊನೆಗೆ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಯಲ್ಲಿ ಕಿಡ್ನಿಯ ಚೂರು ತೆಗೆದು ಪರೀಕ್ಷೆ ಮಾಡಿ ಹೆಸರು ಹೇಳಿದ್ರು. ಕೈತುಂಬ ಮಾತ್ರೆ ಕೊಟ್ರು. ಚೀಟಿಯ ಕೊನೇಲಿ ಇಂಗ್ಲಿಷಲ್ಲಿ ಒಂದು ಸಾಲು: ಗರ್ಭ ಧರಿಸಬಾರದು. ಯಾಕೆ, ಎಷ್ಟು ದಿನ, ಹೇಗೆ ತಡೀಬೇಕು, ಒಂದು ಮಾತೂ ಇಲ್ಲ. ನನ್ನ ಹಿಂದೆ ಸಾಲಲ್ಲಿ ನೂರಾರು ಜನ ನಿಂತಿದ್ರು. ಡಾಕ್ಟರಿಗೆ ಪುರುಸೊತ್ತಿಲ್ಲ, ನನಗೆ ಬಾಯಿಲ್ಲ.

ಊರಿಗೆ ಬಂದು ಕೇಳಿದಾಗ ಆರೋಗ್ಯ ಕಾರ್ಯಕರ್ತೆ ಪ್ರೀತಿಯಿಂದಲೇ ಮಾಲಾ-ಎನ್ ಪ್ಯಾಕೆಟ್ ತಂದುಕೊಟ್ರು. ಲೂಪಸ್ ಅನ್ನೋ ಪದವನ್ನ ಆಯಮ್ಮನಿಗೆ ಯಾವ ಟ್ರೈನಿಂಗಲ್ಲೂ ಯಾರೂ ಹೇಳಿರಲಿಲ್ಲ. ಮುಂದಿನ ಸಲ ಬೆಂಗಳೂರಿಗೆ ಹೋದಾಗ ನನ್ನ ಚೀಲದಲ್ಲಿದ್ದ ಆ ಪ್ಯಾಕೆಟ್ ನೋಡಿ ಡಾಕ್ಟ್ರು ಗಾಬರಿ ಆದ್ರು. ಮಾಲಾ-ಎನ್‌ನಲ್ಲಿ ಈಸ್ಟ್ರೋಜನ್ ಇದೆ. ನನ್ನ ರಕ್ತದಲ್ಲಿ ಆಂಟಿಫಾಸ್ಫೋಲಿಪಿಡ್ ಅನ್ನೋ ಪ್ರತಿಕಾಯ ಇದೆ. ಇವೆರಡೂ ಸೇರಿದ್ರೆ ಕಾಲಲ್ಲೋ ಶ್ವಾಸಕೋಶದಲ್ಲೋ ಮೆದುಳಲ್ಲೋ ರಕ್ತ ಹೆಪ್ಪುಗಟ್ಟಬಹುದು, ಪ್ರಾಣಕ್ಕೇ ಕುತ್ತು. ಈ ಪ್ರತಿಕಾಯ ಇರೋರು ಈಸ್ಟ್ರೋಜನ್ ಇರೋ ಮಾತ್ರೆ ಮುಟ್ಟಲೇಬಾರದು.

ಅದೇ ಹೊತ್ತಲ್ಲಿ ನಮ್ಮ ಕಡೆಯ ಒಂದು ಆಸ್ಪತ್ರೆಯಲ್ಲಿ ಒಬ್ಬರು ಹೇಳಿದ ಮಾತು ನನ್ನ ಕಿವೀಲಿ ಹಂಗೇ ಕೂತಿದೆ: "ಒಂದು ಮಗು ಇದೆಯಲ್ಲಮ್ಮ, ಆಪರೇಷನ್ ಮಾಡಿಸ್ಕೊಂಡ್ಬಿಡು. ನಿಮ್ಮೋರಿಗೆ ಅದೇ ಸರಿ." ಆ 'ನಿಮ್ಮೋರಿಗೆ' ಅನ್ನೋದನ್ನ ಗಮನಿಸಿ. ಮನೆಗೆ ಬಂದ್ರೆ ಅತ್ತೆ, "ಗಂಡೊಂದು ಆಗ್ಲಿ, ಕಾಯಿಲೆ ಆಮೇಲೆ ನೋಡಣ" ಅಂದ್ರು. ಒಬ್ಬರು ಗರ್ಭ ಮುಚ್ಚು ಅಂತಾರೆ, ಇನ್ನೊಬ್ಬರು ತೆರಿ ಅಂತಾರೆ. "ನಿನಗೇನು ಬೇಕು?" ಅಂತ ಒಬ್ಬರೂ ಕೇಳಲಿಲ್ಲ.

ಕೇಳೋರಿಲ್ಲದಿದ್ದರೆ ನಾವೇ ತಿಳ್ಕೋಬೇಕು. ಈ ಏಳು ವರ್ಷದಲ್ಲಿ ನಾನು ತಿಳ್ಕೊಂಡಿದ್ದನ್ನ ಹೇಳ್ತೀನಿ.

ಲೂಪಸ್ ಇದ್ರೆ ಮಗು ಮಾಡ್ಕೊಳ್ಳೋಕೇ ಆಗಲ್ಲ ಅನ್ನೋದು ಸುಳ್ಳು. ಆಗುತ್ತೆ, ಆದರೆ ಹೊತ್ತು ನೋಡ್ಬೇಕು. ಕಾಯಿಲೆ, ಮುಖ್ಯವಾಗಿ ಕಿಡ್ನಿ, ಕನಿಷ್ಠ ಆರು ತಿಂಗಳು ತಣ್ಣಗಿರಬೇಕು. ಕಾಯಿಲೆ ಕೆರಳಿರುವಾಗ ಬಸಿರಾದ್ರೆ ತಾಯಿಗೂ ಮಗುವಿಗೂ ಅಪಾಯ. ಕಿಡ್ನಿಗೆ ಕೊಡೋ ಮೈಕೋಫಿನೊಲೇಟ್ ಮಾತ್ರೆಯಿಂದ ಹೊಟ್ಟೆಯಲ್ಲಿರೋ ಮಗುವಿಗೆ ಅಂಗದೋಷ ಬರಬಹುದು. ಬಸಿರಿಗೆ ಮುಂಚೆ ಕನಿಷ್ಠ ಆರು ವಾರ ಅದನ್ನ ನಿಲ್ಲಿಸಿರಬೇಕು, ಅದರ ಬದಲು ಅಜಥಯೋಪ್ರಿನ್ ಥರದ ಬೇರೆ ಮಾತ್ರೆಗೆ ಹೋಗಿ ಕಾಯಿಲೆ ಸುಮ್ನಿದೆಯಾ ಅಂತ ನೋಡ್ಬೇಕು. ಹೈಡ್ರಾಕ್ಸಿಕ್ಲೋರೊಕ್ವಿನ್ ಮಾತ್ರೆಯನ್ನಂತೂ ಬಸುರಿಯಾದ್ರೂ ಬಿಡಬಾರದು. "ಬಸುರೀಲಿ ಮಾತ್ರೆ ನುಂಗಬೇಡ" ಅಂತ ಅಕ್ಕಪಕ್ಕದವರು ಹೇಳಿದ್ದು ಕೇಳಿ ಬಿಟ್ಟರೆ ಕಾಯಿಲೆ ಮತ್ತೆ ಕೆರಳುತ್ತೆ. ಯಾವ ಮಾತ್ರೆಯನ್ನೂ ನೀವಾಗೇ ನಿಲ್ಲಿಸಬೇಡಿ. ನಿಲ್ಲಿಸೋದಾಗ್ಲಿ, ಬದಲಾಯಿಸೋದಾಗ್ಲಿ ಡಾಕ್ಟರ ಜೊತೆ ಕೂತು ಮಾಡೋ ಕೆಲಸ.

ಪಾವಗಡ ಕಡೆ ನನಗೆ ಗೊತ್ತಿರೋ ಒಬ್ಬ ಹೆಣ್ಮಗಳಿಗೆ ಮೂರು ಸಲ ಹೊಟ್ಟೆಯಲ್ಲೇ ಮಗು ಹೋಯ್ತು. 'ಬಂಜೆ' ಅಂತ ಗಂಡನ ಮನೆಯೋರು ತವರಿಗೆ ಅಟ್ಟಿದ್ರು. ಅವಳಿಗಿದ್ದಿದ್ದೂ ಇದೇ ಪ್ರತಿಕಾಯ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗೋ ಅಂಥದ್ದು. ನಾಲ್ಕನೇ ಸಲ ಕಮ್ಮಿ ಡೋಸಿನ ಆಸ್ಪಿರಿನ್, ದಿನಾ ಹೆಪಾರಿನ್ ಇಂಜೆಕ್ಷನ್ ಕೊಟ್ಟು ಕಾಪಾಡಿದ್ರು. ಈಗ ಅವಳ ಮಗ ಅಂಗನವಾಡಿಗೆ ಹೋಗ್ತಾನೆ. ಮೂರು ಮಕ್ಕಳನ್ನ ಕಳ್ಕೊಂಡ ಮೇಲೆ ಮಾಡಿದ ಪರೀಕ್ಷೆಯನ್ನ ಮೊದಲನೇ ಸಲವೇ ಮಾಡಿದ್ದಿದ್ರೆ?

ಇನ್ನು ತಡೆಯೋದು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಪರ್ ಟಿ ಬಿಟ್ಟಿ ಹಾಕ್ತಾರೆ. ಅದರಲ್ಲಿ ಹಾರ್ಮೋನಿಲ್ಲ, ಲೂಪಸ್ ಇರೋ ಬಹಳಷ್ಟು ಜನಕ್ಕೆ ಹೊಂದುತ್ತೆ. ಮುಟ್ಟಿನ ರಕ್ತ ಜಾಸ್ತಿ ಹೋಗಬಹುದು, ಅದಕ್ಕೆ ರಕ್ತಹೀನತೆ ಇರೋರು, ಪ್ಲೇಟ್ಲೆಟ್ ತೀರಾ ಕಮ್ಮಿ ಇರೋರು ಮೊದಲೇ ಹೇಳಬೇಕು. ಮೂರು ತಿಂಗಳಿಗೊಂದು ಕೊಡೋ ಅಂತರಾ ಇಂಜೆಕ್ಷನ್ ಮೂಳೆ ಸವೆಸುತ್ತೆ. ವರ್ಷಗಟ್ಟಲೆ ಸ್ಟೀರಾಯ್ಡ್ ನುಂಗಿ ಮೊದಲೇ ಮೂಳೆ ಸವೆದಿರೋ ನಮ್ಮಂಥೋರಿಗೆ, ಆ ಪ್ರತಿಕಾಯ ಇರೋರಿಗೆ ಅದು ಬೇಡ ಅಂತಾರೆ. ಕಾಂಡೋಮ್ ಒಡೆದುಹೋದ್ರೆ 72 ಗಂಟೆಯೊಳಗೆ ನುಂಗೋ ತುರ್ತು ಮಾತ್ರೆಯನ್ನ ಲೂಪಸ್ ಇರೋರೂ ತಗೋಬಹುದು.

ಆದರೆ ನಮ್ಮಲ್ಲಿ ಕುಟುಂಬ ಯೋಜನೆ ಅಂದ್ರೆ ಒಂದೇ ಅರ್ಥ: ಹೆಂಗಸಿನ ಆಪರೇಷನ್. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ನೂರಕ್ಕೆ 57 ಜನ ಆಪರೇಷನ್ ಮಾಡಿಸ್ಕೊಂಡೋರು. ಗಂಡಸರ ಲೆಕ್ಕ ಹೆಚ್ಚೂಕಮ್ಮಿ ಸೊನ್ನೆ. 2014ರ ನವೆಂಬರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದಲ್ಲಿ ಒಂದೇ ಕ್ಯಾಂಪಲ್ಲಿ ಒಂದೇ ದಿನ 83 ಹೆಂಗಸರಿಗೆ ಆಪರೇಷನ್ ಮಾಡಿ ಹತ್ತಕ್ಕೂ ಹೆಚ್ಚು ಜನ ಸತ್ರು. ದೇವಿಕಾ ಬಿಸ್ವಾಸ್ ಪ್ರಕರಣದಲ್ಲಿ 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಕ್ಯಾಂಪುಗಳನ್ನ ಮೂರು ವರ್ಷದಲ್ಲಿ ನಿಲ್ಲಿಸಿ ಅಂತು. ಲೂಪಸ್ ಇರೋಳಿಗೆ ಆಪರೇಷನ್ ಮಾಡಲೇಬೇಕಿದ್ರೆ ಕಾಯಿಲೆ ತಣ್ಣಗಿರುವಾಗ, ಎಲ್ಲಾ ಸೌಕರ್ಯ ಇರೋ ಆಸ್ಪತ್ರೆಯಲ್ಲೇ ಮಾಡಬೇಕು. ಇನ್ನು ಮಕ್ಕಳು ಸಾಕು ಅಂತ ಇಬ್ಬರೂ ತೀರ್ಮಾನ ಮಾಡಿದ್ರೆ ಅದಕ್ಕಿಂತ ಸುಲಭದ ದಾರಿ ಇದೆ: ಗಂಡ ಮಾಡಿಸ್ಕೊಳ್ಳೋ ಹೊಲಿಗೆಯಿಲ್ಲದ ವ್ಯಾಸೆಕ್ಟಮಿ. ಅರ್ಧ ಗಂಟೆ ಕೆಲಸ, ಅವತ್ತೇ ಮನೆಗೆ ಬರಬಹುದು. ಆಮೇಲೆ ಮೂರು ತಿಂಗಳು ಕಾಂಡೋಮ್ ಬಳಸಿ ಒಂದು ಪರೀಕ್ಷೆ ಮಾಡಿಸಿದ್ರೆ ಆಯ್ತು. ಗಂಡಸ್ತನ ಹೋಗಲ್ಲ, ಕೂಲಿ ಮಾಡೋ ಶಕ್ತೀನೂ ಹೋಗಲ್ಲ. ಕಿಡ್ನಿ ಕೆಟ್ಟಿರೋ ಹೆಂಡತೀನ ಟೇಬಲ್ ಮೇಲೆ ಮಲಗಿಸಿ ಗಟ್ಟಿಮುಟ್ಟಾಗಿರೋ ಗಂಡ ಹೊರಗೆ ಬೀಡಿ ಸೇದ್ತಾ ನಿಂತಿರೋದು ಯಾವ ಸಮಾನತೆ ಅಣ್ಣಂದಿರೇ?

ಇದು ಹೆಂಗಸರ ವಿಷಯ, ಚಳವಳಿಯ ವಿಷಯ ಅಲ್ಲ ಅನ್ನೋರಿಗೆ ಒಂದು ನೆನಪು. 1928ರಲ್ಲಿ ಮುಂಬಯಿ ಶಾಸನ ಪರಿಷತ್ತಲ್ಲಿ ಹೆರಿಗೆ ಸೌಲಭ್ಯದ ಮಸೂದೆಗೆ ದನಿ ಕೊಟ್ಟಿದ್ದು ಬಾಬಾಸಾಹೇಬರು. 1938ರ ನವೆಂಬರ್ 10ರಂದು ಮುಂಬಯಿ ವಿಧಾನಸಭೆಯಲ್ಲಿ ಸಂತಾನ ನಿಯಂತ್ರಣದ ನಿರ್ಣಯ ತಂದಿದ್ದು ಅವರ ಸ್ವತಂತ್ರ ಕಾರ್ಮಿಕ ಪಕ್ಷ. ಅದು ಬಿದ್ದುಹೋಯ್ತು, ಆದರೆ ಮಾತು ಉಳೀತು. ನಮ್ಮ ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಸಂತಾನ ನಿಯಂತ್ರಣ ಕ್ಲಿನಿಕ್ ತೆರೆದಿತ್ತು. ಹೆರೋದು, ಹೆರದೇ ಇರೋದು ಹೆಣ್ಣಿನ ಹಕ್ಕು, ಅದು ಸಂವಿಧಾನದ 21ನೇ ವಿಧಿಯೊಳಗೇ ಇದೆ ಅಂತ ಸುಪ್ರೀಂ ಕೋರ್ಟು 2009ರಲ್ಲಿ ಹೇಳಿದೆ. ಗರ್ಭಪಾತದ ಕಾನೂನು ಮದುವೆಯಾಗದ ಹೆಣ್ಣಿಗೂ ಅಷ್ಟೇ ಅನ್ವಯ ಅಂತ 2022ರಲ್ಲಿ ಹೇಳಿದೆ. ಕಾಗದದ ಮೇಲೆ ಎಲ್ಲಾ ಇದೆ. ನಮ್ಮ ಕೇರಿಗೆ ಬಂದಿಲ್ಲ, ಅಷ್ಟೇ.

ಹಾಗಾಗಿ ನಾನು ಕೇಳ್ತಿರೋದು ದೊಡ್ಡದೇನಲ್ಲ. ಲೂಪಸ್ ಮಾತ್ರೆ ಬರೆದ ದಿನವೇ, ಅದೇ ಚೀಟಿಯಲ್ಲಿ ಯಾವ ಗರ್ಭನಿರೋಧಕ ಆಗುತ್ತೆ, ಯಾವುದು ಆಗಲ್ಲ ಅಂತ ಕನ್ನಡದಲ್ಲಿ ಬರೀಲಿ. ನಾಲ್ಕೂ ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಒಂದು ದಿನ ಇದರ ಬಗ್ಗೆ ಹೇಳಿಕೊಡಲಿ. ಪದೇ ಪದೇ ಗರ್ಭ ಹೋಗೋರಿಗೆ ಆ ರಕ್ತ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲೇ ಆಗಲಿ. ಸಂಘಟನೆಯ ಸಂಗಾತಿಗಳು ಮುಂದಿನ ಮನವಿ ಪತ್ರದಲ್ಲಿ ಜಮೀನು, ಸ್ಮಶಾನ, ಹಾಸ್ಟೆಲ್ ಜೊತೆ ಇದನ್ನೂ ಒಂದು ಬೇಡಿಕೆಯಾಗಿ ಸೇರಿಸಿ.

ನಾನು ಕಾಪರ್ ಟಿ ಹಾಕಿಸ್ಕೊಂಡಿದೀನಿ. ಕಿಡ್ನಿ ಈಗ ಸುಮ್ನಿದೆ. ಇನ್ನೊಂದು ಮಗು ಬೇಕಾ ಬೇಡ್ವಾ ಅಂತ ಇನ್ನೂ ತೀರ್ಮಾನ ಮಾಡಿಲ್ಲ. ಯೋಚನೆ ಮಾಡೋಕೆ ನನಗೆ ಟೈಮಿದೆ, ಮಾಹಿತಿ ಇದೆ. ಇದೇ ಎರಡು ನಿಮ್ಮ ಊರಿನ ಹೆಣ್ಮಗಳಿಗೂ ಸಿಗಬೇಕು. ಮೈಕೈ ನೋವು, ಮುಖದ ಮೇಲೆ ಕೆಂಪು, ಕೂದಲು ಉದುರೋದು, ಗರ್ಭ ನಿಲ್ಲದಿರೋದು, ಇಂಥೋರು ನಿಮ್ಮ ಕಣ್ಣಿಗೆ ಬಿದ್ದರೆ ದೃಷ್ಟಿ ತೆಗೆಸೋಕೆ ಕರ್ಕೊಂಡು ಹೋಗೋ ಮುಂಚೆ ಡಾಕ್ಟರ ಹತ್ರ ಕರ್ಕೊಂಡು ಹೋಗಿ. ಶೇರ್ ಮಾಡಿ. ಮನೆಯ ಹೆಂಗಸರಿಗೆ ಓದಿ ಹೇಳಿ.

ಜೈ ಭೀಮ್.