ವಾಕ್ಯಗಳನ್ನು ಕೂಡಿಸುವ ಪಾಠ

ಬಿಡಿವಾಕ್ಯಗಳನ್ನು ಕೂಡಿಸುವ ಅಭ್ಯಾಸವು ವ್ಯಾಕರಣದ ಪಾಠಗಳಲ್ಲೆಲ್ಲ ಸುಲಭವಾದುದೆಂದು ಉಪಾಧ್ಯಾಯರು ಸಾಮಾನ್ಯವಾಗಿ ಭಾವಿಸುತ್ತಾರೆ. ಕರಿಹಲಗೆಯ ಮೇಲೆ ನಾಲ್ಕು ಸಣ್ಣ ವಾಕ್ಯಗಳನ್ನು ಬರೆದು ಕುರ್ಚಿಯಲ್ಲಿ ಕುಳಿತರೆ ಅರ್ಧ ಗಂಟೆ ಕಳೆಯುತ್ತದೆ. ಕೆರೆಯ ಕೆಳಗಿನ ಒಂದು ಗ್ರಾಮದಲ್ಲಿ, ಸಂಸ್ಕೃತ ಪಾಠಶಾಲೆಯಲ್ಲಿ ಓದಿ ಬಂದಿದ್ದ ಉಪಾಧ್ಯಾಯರೊಬ್ಬರು ಹಾಗೆಯೇ ಮಾಡಿದರು. ಹಲಗೆಯ ಮೇಲಿದ್ದುದು ಇಷ್ಟು: ಮಳೆ ಬಂದಿತು. ಕೆರೆ ತುಂಬಿತು. ಏರಿ ಒಡೆಯಿತು. ಪೈರು ಹಾಳಾಯಿತು.

ರೈತರ ಹುಡುಗನೊಬ್ಬನು ‘ಮಳೆ ಬಂದು ಕೆರೆ ತುಂಬಿ ಏರಿ ಒಡೆದು ಪೈರು ಹಾಳಾಯಿತು’ ಎಂದು ಬರೆದು ತಂದನು. ಉಪಾಧ್ಯಾಯರು ಕೆಂಪು ಮಸಿಯಿಂದ ಅದನ್ನು ಹೊಡೆದುಹಾಕಿದರು. ಅವರ ಆಕ್ಷೇಪಣೆಗೆ ಆಧಾರವಿಲ್ಲದೆ ಇರಲಿಲ್ಲ. ಎರಡು ಕ್ರಿಯೆಗಳಿಗೆ ಕರ್ತೃವು ಒಬ್ಬನೇ ಆಗಿದ್ದಲ್ಲಿ, ಮೊದಲು ನಡೆದ ಕ್ರಿಯೆಯನ್ನು ಹೇಳುವ ಧಾತುವಿಗೆ ಕ್ತ್ವಾ ಪ್ರತ್ಯಯವು ಬರುವುದೆಂದು ಪಾಣಿನಿಯು ಅಷ್ಟಾಧ್ಯಾಯಿಯ 3ನೆಯ ಅಧ್ಯಾಯದಲ್ಲಿ ವಿಧಿಸಿದ್ದಾನೆ. ‘ಮಿಂದು ಉಂಡನು’ ಎಂಬಲ್ಲಿ ಮಿಂದವನೂ ಉಂಡವನೂ ಒಬ್ಬನೇ. ಕರ್ತೃಗಳು ಬೇರೆಯಾದರೆ ಸಂಸ್ಕೃತದಲ್ಲಿ ಸತಿಸಪ್ತಮಿಯನ್ನೋ ಮತ್ತೊಂದನ್ನೋ ಆಶ್ರಯಿಸಬೇಕು. ಹುಡುಗನ ವಾಕ್ಯದಲ್ಲಾದರೋ ಮಳೆ, ಕೆರೆ, ಏರಿ, ಪೈರು ಎಂದು ಕರ್ತೃಗಳು ನಾಲ್ಕು. ‘ಮಳೆ ಬರಲು ಕೆರೆಯು ತುಂಬಿತು, ಅದು ತುಂಬಲು ಏರಿಯು ಒಡೆಯಿತು’ ಎಂದು ತಿದ್ದಿಕೊಟ್ಟರು.

ಹುಡುಗನು ಪುಸ್ತಕವನ್ನು ತೆಗೆದುಕೊಳ್ಳದೆ ನಿಂತನು. ಹಿಂದಿನ ಮಳೆಗಾಲದಲ್ಲಿ ಅವನ ಮನೆಯ ಗದ್ದೆಯೇ ಹಾಗೆ ಹೋಗಿತ್ತೆಂಬುದು ಉಪಾಧ್ಯಾಯರ ನೆನಪಿನಲ್ಲಿರಲಿಲ್ಲ. “ಒಂದರಿಂದ ಒಂದಾಯಿತು, ಸ್ವಾಮಿ, ನಡುವೆ ನಿಲ್ಲಲಿಲ್ಲ” ಎಂದಷ್ಟೇ ಅಂದನು. ಎದುರುತ್ತರವೆಂದು ತಿಳಿದು ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದರು.

ಆ ಸಂಜೆ ಅವರ ಅಡಿಗೆಮನೆಯಿಂದ “ಹಾಲು ಉಕ್ಕಿ ಒಲೆ ಆರಿಹೋಯಿತು” ಎಂಬ ಮಾತು ಕೇಳಿಬಂದಿತು. ಉಕ್ಕಿದುದು ಹಾಲು, ಆರಿದುದು ಒಲೆ. ಇದು ತಪ್ಪಾದರೆ ನಾಡಿನ ಹೆಂಗಸರೆಲ್ಲರೂ ಮಾತು ಕಲಿತಂದಿನಿಂದ ತಪ್ಪನ್ನೇ ಆಡುತ್ತಿರಬೇಕು! ಹಾಗೆಂದು ಕನ್ನಡದಲ್ಲಿ ನಿಯಮವೇ ಇಲ್ಲವೆನ್ನಲಾಗದು. ‘ಗೋಪಾಲನು ಬಂದು ಗೋವಿಂದನು ಹೋದನು’ ಎಂದು ಯಾರೂ ಅನ್ನುವುದಿಲ್ಲ. ‘ಬಂದ ಮೇಲೆ’ ಎನ್ನಬೇಕು. ಮೊದಲಿನ ಕ್ರಿಯೆಯೇ ಎರಡನೆಯದನ್ನು ಹೆತ್ತಲ್ಲಿ ಕನ್ನಡವು ಕರ್ತೃಭೇದವನ್ನು ಸಹಿಸುತ್ತದೆ. ಒಂದರ ಹಿಂದೆ ಒಂದು ಸುಮ್ಮನೆ ನಡೆದಲ್ಲಿ ಸಹಿಸುವುದಿಲ್ಲ. ಭಟ್ಟಾಕಳಂಕನು 1604ರಲ್ಲಿ ಕನ್ನಡದ ವ್ಯಾಕರಣವನ್ನು ಸಂಸ್ಕೃತ ಸೂತ್ರಗಳಲ್ಲಿ ರಚಿಸಿದನು. ಆ ಗ್ರಂಥದ ಗೌರವಕ್ಕೆ ಕುಂದಿಲ್ಲ. ಆದರೆ ಸೂತ್ರದ ಭಾಷೆ ಸಂಸ್ಕೃತವಾದ ಮಾತ್ರಕ್ಕೆ ಲಕ್ಷ್ಯದ ಭಾಷೆಯೂ ಸಂಸ್ಕೃತವಾಗದೆಂಬುದನ್ನು ಪಾಠಶಾಲೆಯಿಂದ ಬಂದವರು ಮರೆಯುವುದುಂಟು. (ಇಂಗ್ಲಿಷಿನಿಂದ ಬಂದವರ ಮರೆವು ಬೇರೆ ಬಗೆಯದು: ‘ನಿನ್ನೆ ಬಂದ ಹುಡುಗ’ ಎಂದರೆ ಸಾಲುವಲ್ಲಿ ‘ಯಾವ ಹುಡುಗನು ನಿನ್ನೆ ಬಂದನೋ ಅವನು’ ಎಂದು ಬರೆಯಿಸುತ್ತಾರೆ.)

ಮಾರನೆಯ ದಿನ ಉಪಾಧ್ಯಾಯರು ಹುಡುಗನ ಪುಸ್ತಕವನ್ನು ತರಿಸಿ, ಕೆಂಪು ಗೆರೆಯ ಪಕ್ಕದಲ್ಲಿ ‘ಸರಿಯಾಗಿದೆ’ ಎಂದು ಬರೆದು ರುಜು ಹಾಕಿದರು. ಅದನ್ನು ತರಗತಿಗೆ ಗಟ್ಟಿಯಾಗಿ ಓದಿಯೂ ಹೇಳಿದರು. ಬಳಿಕ ಹಲಗೆಯ ಮೇಲೆ ಹೊಸದಾಗಿ ಬರೆದರು: ಏರಿಯನ್ನು ಯಾರೂ ದುರಸ್ತಿ ಮಾಡಿರಲಿಲ್ಲ. ಮಳೆ ಬಂದಿತು. ಏರಿ ಒಡೆಯಿತು.

ಇದನ್ನು ಕೂಡಿಸುವುದರಲ್ಲಿ ತರಗತಿಯೇ ಎರಡಾಯಿತು. ರೈತರ ಮಕ್ಕಳು ‘ದುರಸ್ತಿ ಮಾಡದೆ ಇದ್ದುದರಿಂದ ಮಳೆಗೆ ಏರಿ ಒಡೆಯಿತು’ ಎಂದು ಬರೆದರು. ಶಾನುಭೋಗರ ಮಗನು ‘ದುರಸ್ತಿ ಮಾಡಿರಲಿಲ್ಲವಾದರೂ, ಏರಿ ಒಡೆದುದು ಮಳೆ ಬಂದುದರಿಂದ’ ಎಂದು ಬರೆದನು. ವ್ಯಾಕರಣದಿಂದ ನೋಡಿದರೆ ಎರಡರಲ್ಲಿಯೂ ತಪ್ಪಿರಲಿಲ್ಲ. ಉಪಾಧ್ಯಾಯರು ಕೆಂಪು ಮಸಿಯ ಲೇಖನಿಯನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರು.